ಚಿಗರಿಯ ಮೊಣಕಾಲಿಗೆ ಕೆಂಚವ್ವ ಕಟ್ಟಿದ ಸಿಂಬಿ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳು ಆಗತಾನೇ ಎದ್ದು ನಿಂತಿದ್ದವು, ಹೊಳೆಗಳು ದಾರಿ ಹುಡುಕುತ್ತಿದ್ದವು. ಆ ಕಾಲದಲ್ಲಿ ಮೊಣಕಾಲು ಅಂದರೆ ಎಲುಬಿನ ಮೇಲೆ ಎಲುಬು, ಅಷ್ಟೇ. ಆನೆ ನಡೆದರೂ ಕಟಕಟ, ಮೊಲ ನೆಗೆದರೂ ಕಟಕಟ.

ಹೊಳೆಯ ದಂಡೆಯಲ್ಲಿ ಕೆಂಚವ್ವ ಇದ್ದಳು. ಲೋಕದಲ್ಲಿ ಮೊದಲು ಹಗ್ಗ ಹೊಸೆದವಳು ಅವಳೇ. ತಲೆಯ ಮೇಲೆ ಕೊಡ ಕೂರಿಸಲು ನಾರಿನ ಸಿಂಬಿ ಸುತ್ತಿದವಳೂ ಅವಳೇ. ಅದರ ಹೆಮ್ಮೆ ಅವಳಿಗೆ ತುಸು ಹೆಚ್ಚೇ ಇತ್ತು. ಯಾಕಿರಬಾರದು?

ಒಂದು ದಿನ ಜಿಂಕೆಯ ಜಾತಿಯ ಚಿಗರಿಯೊಂದು, ತುಂಬಿದ ಬಸುರಿ, ಕುಂಟುತ್ತ ಬಂತು.

"ಯವ್ವಾ, ಮೊಣಕಾಲು ಸವದು ಹೋಗ್ಯಾವ. ಹೊಟ್ಯಾಗ ಕೂಸೈತಿ. ತೋಳ ಬಂದ್ರ ಹ್ಯಾಂಗ ಓಡ್ಲಿ?"

ಕೆಂಚವ್ವ ಅದರ ಮೈ ಸವರಿದಳು. "ಅಳಬ್ಯಾಡ ನನ್ನವ್ವಾ. ಸಿಂಬಿ ಇದ್ರ ಕೊಡ ತಲಿಗೆ ಒತ್ತೂದಿಲ್ಲ. ಎಲುಬಿಗೂ ಒಂದು ಸಿಂಬಿ ಮಾಡೂಣು. ಕೆಂಚವ್ವ ಕಟ್ಟಿದ್ದು ಬಿಚ್ಚಿದ್ದು ಯಾರರ ಕಂಡಾರೇನು?"

ಆಗಿನ್ನೂ ಮೊಣಕಾಲನ್ನು ಡಬ್ಬಿಯ ಮುಚ್ಚಳದಂತೆ ತೆರೆಯಬಹುದಿತ್ತು. ಕೆಂಚವ್ವ ಒಂದೊಂದು ಮೊಣಕಾಲಿಗೂ ಎರಡೆರಡು ಅರ್ಧಚಂದ್ರದ ಸಿಂಬಿ ಹೆಣೆದಳು. ಅವುಗಳ ತುದಿಗಳನ್ನು ಕೆಳಗಿನ ಎಲುಬಿಗೆ ಬಿಗಿಯಾಗಿ ಗಂಟು ಹಾಕಿದಳು.

ಚಿಗರಿ ನೆಗೆಯಿತು. ಪಟ್! ಸಿಂಬಿ ಎಲುಬಿಗೆ ಸೇರುವಲ್ಲೇ ಕಿತ್ತು ಬಂತು.

ಹಗ್ಗದವರ ಬುದ್ಧಿಯೇ ಹಾಗೆ. ಏನು ಹರಿದರೂ ಹಗ್ಗ ತೆಳುವಾಯಿತು ಅಂದುಕೊಳ್ಳುತ್ತಾರೆ. ಕೆಂಚವ್ವ ಇನ್ನೂ ದಪ್ಪಗೆ ಹೊಸೆದಳು, ಇನ್ನೂ ಬಿಗಿಯಾಗಿ ಕಟ್ಟಿದಳು. ಚಿಗರಿ ನೆಗೆಯಿತು. ಪಟ್! ಅದೇ ಜಾಗ.

ಗಾಳಿ ಕಿಸಕ್ಕನೆ ನಕ್ಕಿತು. "ಹಗ್ಗಾನೂ ಗಟ್ಟಿ, ಎಲುಬೂ ಗಟ್ಟಿ. ಮತ್ತ ಹ್ಯಾಂಗ ಹರೀತವಾ, ಜಾಣಿ?"

ಕೆಂಚವ್ವನ ಮುಖ ಕೆಂಪೇರಿತು. ಅಷ್ಟರಲ್ಲಿ ಗುಡ್ಡದ ಮೇಲಿಂದ ತೋಳದ ಊಳು ಕೇಳಿಸಿತು.

ಆಗ ಹೊಳೆ ಮಾತಾಡಿತು. "ಕೆಂಚವ್ವಾ, ನಾ ಮೆತ್ತಗ, ಬಂಡೆಗಲ್ಲು ಗಟ್ಟಿ. ನಾವಿಬ್ರೂ ಒಮ್ಮಿಗೇ ಎದುರಾದ್ರ ಬರೇ ಜಗಳ. ಅದಕ್ಕ ನಡುವ ರಾಡಿ ಐತಿ, ರಾಡಿ ಕೆಳಗ ಗರಸು. ರಾಡಿ ಎಲ್ಲಿ ಮುಗೀತು, ಕಲ್ಲು ಎಲ್ಲಿ ಸುರುವಾತು, ಬಟ್ಟಿಟ್ಟು ತೋರ್ಸು ನೋಡೂಣು."

ಕೆಂಚವ್ವ ನೀರಿಗೆ ಕೈ ಹಾಕಿದಳು. ಮೆತ್ತಗಿದ್ದದ್ದು ಬರಬರುತ್ತ ಗಟ್ಟಿಯಾಯಿತು. ಗೆರೆ ಮಾತ್ರ ಕೈಗೆ ಸಿಗಲಿಲ್ಲ.

"ಅಯ್ಯ ನನ್ನ ಬುದ್ಧಿಗಿಷ್ಟು! ಮೆತ್ತಂದನ್ನ ಗಟ್ಟಿಗೆ ಒಮ್ಮಿಗೇ ಕಟ್ಟಿದ್ನಲ್ಲ!"

ಈ ಸಲ ಅವಳು ಗಂಟು ಹಾಕಲಿಲ್ಲ. ಹಗ್ಗದವಳಿಗೆ ಗಂಟು ಬಿಡುವುದೆಂದರೆ ಸುಲಭವೇನು? ಆದರೂ ಬಿಟ್ಟಳು. ಸಿಂಬಿಯ ತುದಿ ಬಿಚ್ಚಿ ನಾರುಗಳನ್ನು ಹರಡಿ, ನಾರಿನಷ್ಟು ಮೆತ್ತಗೂ ಅಲ್ಲದ, ಎಲುಬಿನಷ್ಟು ಗಟ್ಟಿಯೂ ಅಲ್ಲದ ಎಳೆ ಎಲುಬಿನ ಮುದ್ದೆಯಲ್ಲಿ ಹೂತಳು. ಅದರ ಕೆಳಗೆ ಅಂಥದ್ದೇ ಇನ್ನೊಂದು ಮುದ್ದೆ ಇಟ್ಟು, ಅದಕ್ಕೆ ಬಸವನಹುಳದ ಚಿಪ್ಪು ಸುಟ್ಟ ಸುಣ್ಣ ಕಲಸಿದಳು. ಎಲುಬಿನ ಮೈ ಕೆತ್ತಿ ಹಲ್ಲು ಮಾಡಿ, ಸುಣ್ಣದ ಮುದ್ದೆಯನ್ನು ಹಲ್ಲಿಗೆ ಹಲ್ಲು ಕೂಡುವಂತೆ ಕೂರಿಸಿದಳು. ಬರೀ ಮುದ್ದೆಯೂ ಸುಣ್ಣದ ಮುದ್ದೆಯೂ ಸೇರುವಲ್ಲಿ ಹೊಳೆ ತನ್ನ ನೀರಿನ ಬೆರಳಿನಿಂದ ತೆರೆಯಂಥ, ಕೈಗೆ ಸಿಗದ ಒಂದು ಗೆರೆ ಎಳೆಯಿತು. "ಇದು ನನ್ನ ಗುರುತು," ಅಂದಿತು.

ಮೊಣಕಾಲು ಮುಚ್ಚಿದ್ದೇ ತಡ, ತೋಳ ಪೊದೆಯಿಂದ ಹಾರಿತು.

ಚಿಗರಿ ನೆಗೆಯಿತು! ಹೊಟ್ಟೆಯ ಕೂಸಿನ ಭಾರವನ್ನೂ ಹೊತ್ತು, ಹೊಳೆಯನ್ನೇ ದಾಟಿ ಆಚೆ ದಂಡೆಗೆ ಬಿತ್ತು. ಕೆಂಚವ್ವ ಕಿವಿಗೊಟ್ಟಳು. ಪಟ್ ಇಲ್ಲ, ಕಟಕಟ ಇಲ್ಲ. ಚಿಗರಿ ಓಡಿತು, ಓಡಿತು, ಧೂಳಾಗಿ ಕಣ್ಮರೆಯಾಯಿತು. ತೋಳ ನಾಲಿಗೆ ಚಾಚಿಕೊಂಡು ನಿಂತಿತು. ನಕ್ಕಿದ್ದ ಗಾಳಿಯೂ ಚಿಗರಿಯ ಹಿಂದೆಯೇ ಬೀಸಿ ಹೋಯಿತು.

ಮರುದಿನ ಚಿಗರಿಯ ಹಿಂದೆ ಒಂದು ಪುಟ್ಟ ಮರಿ ಛಂಗನೆ ಜಿಗಿಯುತ್ತ ಬಂತು. ಅದರ ಹಿಂದೆ ಆನೆ, ಮೊಲ, ಕುದುರೆ, ಕೊನೆಗೆ ಮನುಷ್ಯರು ಸಾಲುಗಟ್ಟಿ ನಿಂತರು, ತಮಗೂ ಬೇಕೆಂದು. ಕೆಂಚವ್ವ ಸೆರಗು ಸಿಕ್ಕಿಸಿ ತಲೆಯೆತ್ತಿ ಹೇಳಿದಳು: "ಬರ್ರಿ! ಇದು ಗಂಟಿಲ್ಲದ ಕಟ್ಟು. ನಾನೂ ನನ್ನ ಹೊಳೆವ್ವಾನೂ ಕೂಡಿ ಕಟ್ಟೀವಿ!"

ಅದಕ್ಕೇ ನೋಡು ಪುಟ್ಟಾ, ಕುಂಟೆಬಿಲ್ಲೆ ಆಡುತ್ತ ನೀನು ಒಂಟಿ ಕಾಲಲ್ಲಿ ಜಿಗಿದಾಗ, ನಿನ್ನ ಮೊಣಕಾಲಿನೊಳಗಿನ ಸಿಂಬಿ ನಾರಿನಿಂದ ಎಳೆ ಎಲುಬಾಗಿ, ಎಳೆ ಎಲುಬಿನಿಂದ ಸುಣ್ಣದೆಲುಬಾಗಿ, ಕೊನೆಗೆ ಎಲುಬೇ ಆಗಿ, ಇವತ್ತಿಗೂ ನಿನ್ನ ಭಾರವನ್ನೆಲ್ಲ ಸದ್ದಿಲ್ಲದೆ ಹೊತ್ತು ನಿಲ್ಲುತ್ತದೆ.