ಹಲ್ಲಿಲ್ಲದ ಬಾಯಲ್ಲಿ ನಾಲಿಗೆ

ಬಸಲಿಂಗಪ್ಪನಿಗೆ ಸ್ವಂತ ಹಲ್ಲು ಒಂದೂ ಇರಲಿಲ್ಲ. ಮಧ್ಯಾಹ್ನ ಉಂಡು, ಹಲ್ಲಿನ ಸೆಟ್ಟನ್ನು ನೀರಿಗೆ ಹಾಕಿ ಮಲಗಿದನೆಂದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತಿತ್ತು, ಉಸಿರು ನಿಂತುನಿಂತು ಬರುತ್ತಿತ್ತು. ಅದಕ್ಕೇ ಡಾಕ್ಟರು ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಪುಟ್ಟ ರಬ್ಬರ್ ಬಟ್ಟಲೊಂದನ್ನು ಕೊಟ್ಟರು. ಅಂದು ಅದನ್ನು ತುಟಿಗಳ ನಡುವೆ ಇಟ್ಟು, ನಾಲಿಗೆಯ ತುದಿಯನ್ನು ಅದರೊಳಗೆ ಸೇರಿಸಿಕೊಂಡು ಮಲಗಿದ.

"ನನ್ನ ತುದಿ ಹಿಡಿದು ಕೂರ್ತೀಯಾ? ನಾನೇನು ಕಳ್ಳನೇ?" ಎಂದಿತು ನಾಲಿಗೆ.

"ಗೊರಕೆ ನಿಲ್ಲಿಸೋಕೆ ಬೇರೆಯವರ ಬಾಯಲ್ಲಿ ಕೂರೋ ನನ್ನ ಅಣ್ಣಂದಿರು ಹಲ್ಲು ಹಿಡಿದು ದವಡೆಯನ್ನೇ ಮುಂದಕ್ಕೆ ಎಳೀತಾರೆ. ಇಲ್ಲಿ ಹಲ್ಲೆಲ್ಲಿದೆ?" ಎಂದಿತು ಬಟ್ಟಲು.

"ನೀರಲ್ಲಿ ಹಾಯಾಗಿ ಬಿದ್ದಿವೆಯಲ್ಲ, ಹೋಗಿ ಅವನ್ನು ಹಿಡಿ!"

"ಹಿಡಿಯಬಹುದು. ಎಳೆದರೆ ನನ್ನ ಜೊತೆಗೇ ಕಿತ್ತು ಬರುತ್ತವೆ. ಈ ಬಾಯಲ್ಲಿ ಬೇರಿರೋದು ನಿನಗೊಬ್ಬನಿಗೇ."

ನಾಲಿಗೆ ಕೊಸರಿಕೊಂಡು ಹಿಂದಕ್ಕೆ ಜಾರಿತು. ಉಸಿರು ನಿಂತಿತು.

"ಏಳ್ರೀ, ಉಸಿರಾ ನಿಂತೈತ್ರೀ!" ಹೆಂಡತಿ ನೀಲವ್ವ ಗಂಡನ ಭುಜ ಹಿಡಿದು ಅಲುಗಾಡಿಸಿದಳು. ಅವಳ ಕೂಗು ನಾಲಿಗೆಗೂ ಕೇಳಿಸಿತು. ಎಚ್ಚರಗೊಂಡ ಬಸಲಿಂಗಪ್ಪ ಮತ್ತೆ ಬಟ್ಟಲನ್ನು ಬಾಯಿಗಿಟ್ಟಾಗ ನಾಲಿಗೆ ತಾನಾಗಿಯೇ ಮುಂದೆ ಬಂದು ಅದರೊಳಗೆ ಕೂತಿತು.

ಸ್ವಲ್ಪ ಹೊತ್ತಿಗೆ ನೀಲವ್ವ ಗಾಬರಿಯಿಂದ ಅಡುಗೆಮನೆ ಬಿಟ್ಟು ಓಡಿಬಂದಳು. ದಿನವೂ ಅಡುಗೆಮನೆಯವರೆಗೆ ಕೇಳುತ್ತಿದ್ದ ಗಂಡನ ಗೊರಕೆಯೇ ಕೇಳಿಸುತ್ತಿರಲಿಲ್ಲ. ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗೆ ಬಂದುಹೋಗುತ್ತಿತ್ತು.