ಹೇಳದ ಮಡು

ಸಿಂಗರಗುಂದಿಯಿಂದ ಮೂಡಣಕ್ಕೆ ಹೋಗುವ ದಾರಿ ಕರಿಹೊಳೆಯನ್ನು ದಾಟುವಲ್ಲಿ ಒಂದು ತಗ್ಗು ಸೇತುವೆ ಇದೆ. ಬೇಸಿಗೆಯಲ್ಲಿ ಅದರ ಮೇಲೆ ನಿಂತು ನೋಡಿದರೆ ಕಣ್ಣು ಹಾಯುವವರೆಗೂ ಮರಳು. ಮರಳಿನ ನಡುವೆ ಒಣಗಿದ ಜೊಂಡು, ಜಾಲಿಮುಳ್ಳು, ಅಲ್ಲಲ್ಲಿ ಒರತೆ ತೋಡಿದ ಗುಂಡಿಗಳು. ಸೇತುವೆಯ ಕೆಳಮಗ್ಗುಲಿಗೆ, ಹೊಳೆ ಒಂದು ಕರಿಬಂಡೆಯನ್ನು ಬಳಸಿ ತಿರುಗುವ ಮೂಲೆಯಲ್ಲಿ ಮಾತ್ರ ನೀರು ನಿಂತಿರುತ್ತದೆ. ಎಂಥ ಬಿಸಿಲಿಗೂ ಅದು ಬತ್ತಿದ್ದನ್ನು ಕಂಡವರಿಲ್ಲ. ಇದನ್ನು ಊರಿನವರು ಹೇಳದ ಮಡು ಎನ್ನುತ್ತಾರೆ. ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಅದು ‘ಹಳದಿಮಡು’ ಆಗಿದೆ. ಸೇತುವೆಯ ಫಲಕದ ಮೇಲೂ ಯಾರೋ ಹಾಗೆಯೇ ಬರೆಸಿದ್ದಾರೆ. ನೀರಿನಲ್ಲಿ ಹಳದಿ ಎಂಬುದೇನೂ ಇಲ್ಲ. ಹೊರಗಿನವರು ವಿಚಾರಿಸಿದರೆ ಸಿಂಗರಗುಂದಿಯ ಹಿರಿಯರು ಕೂಡಲೇ ತಿದ್ದುವುದಿಲ್ಲ. ಮೊದಲು ಕೂರಿಸಿ ಕುಡಿಯಲು ನೀರು ಕೊಡುತ್ತಾರೆ. ಹೆಸರನ್ನು ತಿದ್ದಬೇಕಾದರೆ ಅದರ ಕಥೆಯನ್ನೂ ಹೇಳಬೇಕು. ಆ ಕಥೆಯಲ್ಲಿ ಊರು ಹೆಮ್ಮೆಪಡುವಂಥದ್ದು ಹೆಚ್ಚೇನೂ ಇಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ದಂಡೆಯ ಮೇಲೆ ಮಡುವಮ್ಮನ ಗುಡಿಯಿತ್ತು. ಮಾಳಯ್ಯನೆಂಬ ಬೆಸ್ತರವನು ಅದರ ಪೂಜಾರಿ. ಮಡುವಿನಲ್ಲಿ ಬಲೆ ಬೀಸಿದವರನ್ನು, ಗಾಳ ಹಾಕಿದವರನ್ನು ಅಮ್ಮ ಕಾಲು ಹಿಡಿದು ಒಳಗೆಳೆದುಕೊಳ್ಳುತ್ತಾಳೆ ಎಂಬುದು ಸುತ್ತಣ ಊರುಗಳಿಗೆಲ್ಲ ಗೊತ್ತಿದ್ದ ಮಾತು. ಗೊತ್ತಿಲ್ಲದಿದ್ದ ಮಾತು ಇನ್ನೊಂದಿತ್ತು. ಅದನ್ನು ಮಾಳಯ್ಯನ ತಂದೆ ಸಾಯುವ ಮುನ್ನ ಮಗನ ಕಿವಿಯಲ್ಲಿ ಹೇಳಿದ್ದ. ಹೊಳೆ ಹರಿಯುವುದು ನಿಂತಾಗ ಅದರ ಉದ್ದಕ್ಕೂ ಇರುವ ಮೀನೆಲ್ಲ ಇಳಿದಿಳಿದು ಬಂದು ಈ ಒಂದು ಮಡುವಿನಲ್ಲಿ ಉಸಿರು ಹಿಡಿದುಕೊಂಡಿರುತ್ತದೆ. ಹೊಸ ನೀರು ಬಂದಾಗ ಇಲ್ಲಿಂದಲೇ ಮೇಲೇರಿ ಮೊಟ್ಟೆಯಿಟ್ಟು ಹೊಳೆಯನ್ನು ತುಂಬುತ್ತದೆ. ಮೇಲ್ಗಡೆ ಇರುವುದು ಬೇಸಿಗೆಗೆ ಒಣಗುವ ಗುಡ್ಡದ ತೊರೆಗಳು. ಕೆಳಗಡೆ ಹೊಳೆ ಕಲ್ಲಿನ ಮೇಲಿಂದ ಧುಮುಕುವುದರಿಂದ ದೊಡ್ಡ ಹೊಳೆಯ ಮೀನು ಹತ್ತಿ ಬರಲಾರದು. ಇರುವುದು ಇದೊಂದೇ. “ಜನಕ್ಕೆ ಇದನ್ನೆಲ್ಲ ಬಿಡಿಸಿ ಹೇಳೋಕೆ ಹೋಗಬೇಡ, ಭಯ ಇದ್ದ ಕಡೆ ಕಾವಲು ಬೇಕಿಲ್ಲ” ಎಂದು ತಂದೆ ಕಣ್ಣು ಮುಚ್ಚಿದ.

ಮಾಳಯ್ಯ ಕೆಟ್ಟವನಲ್ಲ ಎನ್ನುತ್ತಾರೆ. ಆದರೆ ಆ ಭಯ ಅವನಿಗೆ ಹಿತವಾಗಿತ್ತು. ಅವನು ಬೀದಿಯಲ್ಲಿ ನಡೆದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಬಲೆ ಬೀಸಿ ಬದುಕುವ ಅವನ ಕುಲದವರಿಗೆ ಬೇರೆಲ್ಲೂ ಸಿಗದ ಮರ್ಯಾದೆ ಅದು. ಗೌಡರ ಮನೆಗೆ ಸೊಸೆಯಾಗಿ ಬಂದ ಕೆಂಚವ್ವ, ಹೊಸತರಲ್ಲಿ, ಗುಡಿಗೆ ಎಡೆ ತಂದಾಗ ಸುಮ್ಮನಿರಲಾರದೆ ಕೇಳಿದ್ದಳು: “ಹೊಳೆಯಾಗೆಲ್ಲ ಮೀನು ಹಿಡೀತಾರೆ, ಇಲ್ಲಿ ಯಾಕೆ ಹಿಡೀಬಾರದು ಪೂಜಾರಯ್ಯ?” ಮಾಳಯ್ಯ ಮುಖ ಗಂಟಿಕ್ಕಿ, “ಅದೆಲ್ಲ ಕೇಳಬಾರದು ತಾಯಿ, ಅಮ್ಮ ಮುನೀತಾಳೆ” ಎಂದ. ಹುಡುಗಿ ಹೆದರಿ ಗಲ್ಲ ಬಡಿದುಕೊಂಡು ಹೋದಳು. ಅವಳ ಹೆದರಿಕೆ ನೋಡಿ ಅವನಿಗೆ ಒಳಗೊಳಗೇ ಸಮಾಧಾನವಾಯಿತು.

ವರ್ಷಗಳು ಉರುಳಿದವು. ಕೆಂಚವ್ವನ ಗಂಡ ತೀರಿಕೊಂಡ, ಮೊಮ್ಮಕ್ಕಳಾದವು, ಗೌಡಿಕೆಯ ಮನೆಯ ಹಿರಿತನ ಅವಳ ಕೈಗೆ ಬಂತು. ಆ ಕಾಲಕ್ಕೆ ಯಾವನೋ ದೊರೆ ಇನ್ನಾವನ ಮೇಲೋ ಏರಿ ಹೋಗುವ ದಾರಿಯಲ್ಲಿ ಅವನ ದಂಡು ಸಿಂಗರಗುಂದಿಯ ಬಯಲಿನಲ್ಲಿ ಬೀಡುಬಿಟ್ಟಿತು. ಸುಗ್ಗಿ ಆಗಷ್ಟೇ ಮುಗಿದಿತ್ತು. ದಂಡಿನವರು ಕಣಜಗಳನ್ನು ಬರಿದು ಮಾಡಿದರು, ಕುರಿಕೋಳಿ ಹೊತ್ತೊಯ್ದರು, ಬಣವೆಗಳನ್ನು ಕುದುರೆಗಳ ಮುಂದೆ ಸುರಿದರು. ಉಳಿದದ್ದು ನೆಲದೊಳಗಿನ ಹಗೇವುಗಳಲ್ಲಿ ಮುಚ್ಚಿಟ್ಟಿದ್ದ ಬಿತ್ತನೆಯ ಜೋಳ ಮಾತ್ರ. ಸಿಪಾಯಿಗಳು ಭರ್ಜಿಯಿಂದ ನೆಲ ಕುಟ್ಟಿ ಕುಟ್ಟಿ ಹುಡುಕುವಾಗ ಕೆಂಚವ್ವ ತನ್ನ ಹಗೇವಿನ ಬಾಯಿಗಲ್ಲಿನ ಮೇಲೆ ಸಗಣಿ ಹರಡಿ, ಕರು ಹಾಕುವ ಎಮ್ಮೆಯನ್ನು ತಂದು ಕಟ್ಟಿ, ಅದರ ಬೆನ್ನು ನೀವುತ್ತ ಕುಳಿತಿದ್ದಳಂತೆ.

ಬೀಡು ಬಿಟ್ಟಿದ್ದಷ್ಟು ದಿನವೂ ಸಿಪಾಯಿಗಳು ಮಡುವಿಗಿಳಿದು ಈಜಿದರು. ಬಲೆ ಹಾಕಿದರು, ಹಿಡಿದ ಮೀನನ್ನು ಗುಡಿಯ ಮುಂದೆಯೇ ಸುಟ್ಟು ತಿಂದರು. ಮಾಳಯ್ಯ ಗುಡಿಯ ಬಾಗಿಲಲ್ಲಿ ಕೂತು ನೋಡಿದ. ಊರಿನವರು ದೂರದ ದಿಬ್ಬದ ಮೇಲೆ ನಿಂತು ನೋಡಿದರು. ಯಾರ ಕಾಲನ್ನೂ ಯಾರೂ ಎಳೆಯಲಿಲ್ಲ. ದಂಡು ಹೇಗೆ ಬಂದಿತ್ತೋ ಹಾಗೆಯೇ ನಗುತ್ತ ಹಾಡುತ್ತ ಹೊರಟುಹೋಯಿತು.

ಅನಂತರ ಹಸಿವು ಬಂತು. ಜನ ಹುಣಿಸೆಬೀಜ ಹುರಿದು ತಿಂದರು, ಎಲಚಿಹಣ್ಣು, ಗೆಡ್ಡೆ, ತಂಗಡಿಯ ಚಿಗುರು, ಕೊನೆಗೆ ಕತ್ತಾಳೆಯ ತಿರುಳನ್ನೂ ಬೇಯಿಸಿದರು. ಹಗೇವಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಬಿತ್ತನೆ ಕಾಳು ತಿಂದವನ ಮನೆಗೆ ಹೆಣ್ಣು ಕೊಡದ ನಾಡು ಅದು. ನಡುಬೇಸಿಗೆಯಲ್ಲಿ, ಹೊಳೆಯೆಲ್ಲ ಮರಳಾಗಿದ್ದಾಗ, ಒಂದು ಮುಂಜಾನೆ ಊರಿಗೆ ಊರೇ ಮಡುವಿನತ್ತ ಬಂತು. ಮುಂದೆ ಗಂಡಸರು ಒನಕೆಯಲ್ಲಿ ಕುಟ್ಟಿದ ಕಾರೆಕಾಯಿಯ ಪುಡಿಯನ್ನು ಮಂಕರಿಗಳಲ್ಲಿ ಹೊತ್ತಿದ್ದರು. ಅದನ್ನು ನೀರಿಗೆ ಕಲಸಿದರೆ ಮೀನು ಅಮಲೇರಿ ತೇಲುತ್ತದೆ, ಒಂದೂ ಉಳಿಯುವುದಿಲ್ಲ.

ಮಾಳಯ್ಯ ಬಂಡೆಯ ಮೇಲೆ ಅಡ್ಡ ನಿಂತ. “ಮುಟ್ಟಿದರೆ ರಕ್ತ ಕಾರಿ ಸಾಯ್ತೀರಿ! ವಂಶ ನಿರ್ವಂಶ ಆಗ್ತದೆ!” ಎಂದು ಕೂಗಿದ.

ಮುಂದಿದ್ದವನು ಅವನ ಅಣ್ಣನ ಮಗ ದುರುಗ, ಬಲೆಯ ಕಸುಬಿನವನೇ. ಅವನು ಕೂಗಲಿಲ್ಲ, ಸಿಟ್ಟಾಗಲಿಲ್ಲ. “ದಂಡಿನವರು ಒಬ್ಬರಾದರೂ ಸತ್ತರಾ ಚಿಕ್ಕಪ್ಪ?” ಎಂದ.

ಆಗ ಆ ಮಾತು ಮಾಳಯ್ಯನ ನಾಲಗೆಯ ತುದಿಗೆ ಬಂದಿತ್ತು ಎನ್ನುತ್ತಾರೆ. ತಂದೆ ಕಿವಿಯಲ್ಲಿ ಉಸುರಿದ ಮಾತು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ಅದನ್ನು ಹೇಳಿದರೆ ಇಷ್ಟು ಕಾಲ ಹೇಳಿದ್ದು ಸುಳ್ಳೆಂದು ಒಪ್ಪಿದಂತಾಗುತ್ತಿತ್ತು. ಎದುರಿಗೆ ನಿಂತವರ ಕಣ್ಣುಗಳಲ್ಲಿ ಭಯ ಆಗಲೇ ಹೋಗಿತ್ತು; ಉಳಿದಿದ್ದ ಚೂರು ಮರ್ಯಾದೆಯೂ ಹೋಗುವುದನ್ನು ಕಾಣಲು ಅವನಿಗೆ ಧೈರ್ಯವಾಗಲಿಲ್ಲ. ಮಾತನ್ನು ನುಂಗಿದ. ಇನ್ನೊಮ್ಮೆ ಶಪಿಸಿದ. ಜನ ಅವನನ್ನು ಮೆಲ್ಲಗೆ, ಮುದುಕನನ್ನು ಸರಿಸುವಂತೆ, ಪಕ್ಕಕ್ಕೆ ಸರಿಸಿ ನೀರಿಗಿಳಿದರು. ಹೊತ್ತು ನೆತ್ತಿಗೇರುವುದರೊಳಗೆ ಮಡುವೆಲ್ಲ ಬೆಳ್ಳಿಯ ಹೊಟ್ಟೆಗಳಿಂದ ತುಂಬಿಹೋಯಿತು. ಮೊಟ್ಟೆ ಕಟ್ಟಿದ ಮೀನುಗಳೇ ಹೆಚ್ಚು. ಜನ ತಿಂದರು, ಉಪ್ಪು ಸವರಿ ಒಣಗಿಸಿದರು, ಮಕ್ಕಳ ಮುಖಕ್ಕೆ ಕಳೆ ಬಂತು. ಮಾಳಯ್ಯನ ಮನೆಯ ಬಾಗಿಲಿಗೂ ದುರುಗ ಒಂದು ಪಾಲು ಇಟ್ಟುಹೋದ. ಅವನೂ ಹಸಿದಿದ್ದ. ತಿಂದ.

ಮಳೆ ಹುಯ್ಯಿತು. ಹಗೇವುಗಳ ಕಲ್ಲು ಎತ್ತಿ ಜನ ಬಿತ್ತಿದರು. ಹೊಳೆ ಕೆಂಪಾಗಿ ಹರಿಯಿತು. ಬೆಸ್ತರು ಪ್ರತಿವರ್ಷದಂತೆ ಹೊಸ ನೀರಿಗೆ ಎದುರೇರುವ ಮೀನಿಗಾಗಿ ತೆಳುನೀರಿನ ಕಡೆಗಳಲ್ಲಿ ಬುಟ್ಟಿ ಕಟ್ಟಿ ಕಾದರು. ಬುಟ್ಟಿಗೆ ಕಸಕಡ್ಡಿ ಬಂತು, ಕಪ್ಪೆ ಬಂತು. ನೀರು ತಿಳಿಯಾಯಿತು, ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರಿನಲ್ಲಿ ಚಲಿಸುವುದೊಂದೂ ಇರಲಿಲ್ಲ. ಮಳೆಗಾಲದ ಕೊನೆಗೆ, ಮರಿಹುಳ ತಿನ್ನುವ ಮೀನಿಲ್ಲದೆ, ಸೊಳ್ಳೆ ಎದ್ದು ಮನೆಮನೆಯಲ್ಲಿ ಚಳಿಜ್ವರ ಹಿಡಿಯಿತು. ಮೇಲಿನ ಊರುಗಳ ಬೆಸ್ತರು ಬಂದು, “ನಿಮ್ಮ ಕಡೆಯಾದರೂ ಮೀನು ಉಂಟಾ?” ಎಂದು ಕೇಳಿ, ಇಲ್ಲವೆಂದಾಗ ಗಂಟುಮೂಟೆ ಕಟ್ಟಿ ನಾಡು ಬಿಟ್ಟರು. ದುರುಗನೂ ಬಲೆ ಸುತ್ತಿಟ್ಟು ಕೂಲಿಗೆ ಹೋದ. ಅಮ್ಮನೇ ಮುನಿದಳೆಂದು ಜನ ಮಾಳಯ್ಯನ ಬಳಿಗೆ ಮತ್ತೆ ಬರತೊಡಗಿದರು; ಕಾಯಿ ತಂದರು, ಕಾಲಿಗೆ ಬಿದ್ದರು. ಹೋಗಿದ್ದ ಮರ್ಯಾದೆ ದುಪ್ಪಟ್ಟಾಗಿ ತಿರುಗಿ ಬಂತು. ಅದು ಅವನಿಗೆ ಕೆಂಡ ತುಳಿದಂತಾಯಿತು.

ಕೆಂಚವ್ವ ಜ್ವರದಲ್ಲಿದ್ದ ಮೊಮ್ಮಗನನ್ನು ಎತ್ತಿಕೊಂಡು ಗುಡಿಗೆ ಬಂದು, “ತಪ್ಪುಗಾಣಿಕೆ ಏನು ಕೊಡಬೇಕು ಹೇಳು ಪೂಜಾರಯ್ಯ, ತಪ್ಪು ನಮ್ಮದು” ಎಂದಾಗ ಅವನಿಂದ ತಡೆಯಲಾಗಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು, ತಂದೆ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದ.

ಅವಳು ಕೇಳುತ್ತ ಮಗುವನ್ನು ನೆಲಕ್ಕಿಳಿಸಿದಳು.

“ಬೀಜವಾ ಅದು?” ಎಂದಳು.

“ಹೌದು ತಾಯಿ.”

“ಬೀಜ ಅಂತ ಒಂದು ಮಾತು ಅಂದಿದ್ದರೆ ಆಗಿತ್ತಲ್ಲೋ ಅಯ್ಯ! ಈ ಮಗು ಹಸಿವಿಗೆ ಅತ್ತು ಅತ್ತು ಗಂಟಲು ಕಟ್ಟಿತ್ತು. ಆಗಲೂ ನಾನು ಹಗೇವಿನ ಕಲ್ಲು ಎತ್ತಲಿಲ್ಲ. ಬೀಜ ತಿನ್ನೋ ಜನವಾ ನಾವು? ಅಷ್ಟೂ ತಿಳಿಯದವರು ಅಂದುಕೊಂಡಿದ್ದಾ ನಮ್ಮನ್ನ?”

ಅವಳು ಬೈಯಲಿಲ್ಲ. ಊರಿಗೆ ಸುದ್ದಿ ಹಬ್ಬಿದ ಮೇಲೆ ಬೇರೆಯವರೂ ಬೈಯಲಿಲ್ಲ. ತಮ್ಮ ಕೈಯಿಂದ ಆದದ್ದನ್ನು ನೆನೆದು ಅವರಿಗೂ ತಲೆಯೆತ್ತಲಾಗಲಿಲ್ಲ. ಯಾರಾದರೂ ಹೊಡೆದಿದ್ದರೆ ಬದುಕಬಹುದಿತ್ತು ಎಂದು ಮಾಳಯ್ಯನಿಗೆ ಅನ್ನಿಸಿತು. ಅವನು ಹೆಗಲ ಅಡ್ಡೆಗೆ ಎರಡು ದೊಡ್ಡ ಗಡಿಗೆ ಕಟ್ಟಿ, ಕರಿಹೊಳೆ ದೊಡ್ಡ ಹೊಳೆಯನ್ನು ಸೇರುವ ಕೂಡಲಕ್ಕೆ ಹೊರಟ. ಅಲ್ಲಿಯ ಬೆಸ್ತರನ್ನು ಬೇಡಿ ಮರಿಮೀನು ತುಂಬಿಕೊಂಡು ತಿರುಗಿದ. ಗಡಿಗೆಯ ನೀರು ಕಾದರೆ ಮರಿ ಸಾಯುತ್ತದೆ. ದಾರಿಯ ಊರೂರಲ್ಲಿ ತಣ್ಣನೆಯ ನೀರು ಬೇಡಬೇಕು. ಮೊದಲ ಊರಿನ ಬಾವಿಯ ಹತ್ತಿರ ಹೆಂಗಸರು ಗಡಿಗೆಯಲ್ಲೇನೆಂದು ಕೇಳಿದರು. ನಾಚಿಕೆಯಿಂದ ಅವನ ಬಾಯಿ ಹಳೆಯ ಹಾದಿಯನ್ನೇ ಹಿಡಿಯಿತು: “ಅಮ್ಮನ ಮೀಸಲು, ಯಾರೂ ಮುಟ್ಟಬೇಡಿ.” ಅವರು ಕೈಮುಗಿದು ದೂರ ಸರಿದರು. ದಣಿದ ಮುದುಕ ಬೇವಿನ ನೆರಳಲ್ಲಿ ಒರಗಿದವನು ನಿದ್ದೆಹೋದ. ನೆರಳು ಸರಿಯಿತು, ಗಡಿಗೆಗಳ ಮೇಲೆ ಬಿಸಿಲು ಬಿತ್ತು. ಕಂಡವರಿದ್ದರು, ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಎದ್ದಾಗ ಮರಿಗಳೆಲ್ಲ ಮೇಲೆ ತೇಲುತ್ತಿದ್ದವು.

ಅಲ್ಲಿಂದಲೇ ಕೂಡಲಕ್ಕೆ ಹಿಂದಿರುಗಿ ಮತ್ತೆ ತುಂಬಿಕೊಂಡು ಬಂದ. ಅದೇ ಬಾವಿ, ಅದೇ ಹೆಂಗಸರು. ಈ ಸಲ ಅಡ್ಡೆ ಇಳಿಸಿ, ತಾನು ಯಾರು, ತನಗೆ ಏನು ಗೊತ್ತಿತ್ತು, ಯಾಕೆ ಹೇಳಲಿಲ್ಲ, ಅದರಿಂದ ಏನಾಯಿತು ಎಂಬುದನ್ನು ಒಂದೂ ಮುಚ್ಚಿಡದೆ ಹೇಳಿದ. ಕೆಲವರು ಥೂ ಎಂದರು. ಒಬ್ಬಳು ನಕ್ಕಳು. ಅವನು ಅದೇ ಬೇವಿನಡಿ ಒರಗಿ ಮತ್ತೆ ನಿದ್ದೆಹೋದ. ಎಚ್ಚರವಾದಾಗ ಗಡಿಗೆಗಳು ನೆರಳಲ್ಲಿದ್ದವು, ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಥೂ ಎಂದಿದ್ದವರಲ್ಲೇ ಒಬ್ಬಳು ಸೇದಿದ ನೀರನ್ನು ಮೆಲ್ಲಗೆ ಸುರಿಯುತ್ತಿದ್ದಳು. “ಮುಂದಿನ ಊರಿನ ತನಕ ನನ್ನ ಮಗ ಹೊರ್ತಾನೆ, ನೀನು ನಡಿ. ಅಲ್ಲೂ ಇದನ್ನೇ ಹೇಳು, ಸುಳ್ಳು ಸೇರಿಸಬೇಡ” ಎಂದಳು. ಹಾಗೆ ಊರಿಂದೂರಿಗೆ ತನ್ನ ನಾಚಿಕೆಯನ್ನು ತಾನೇ ಸಾರುತ್ತ ಅವನು ಸಿಂಗರಗುಂದಿ ಮುಟ್ಟಿದ. ಗಡಿಗೆಗಳಲ್ಲಿ ಮರಿಗಳು ಜೀವಂತವಾಗಿದ್ದವು. ಕಾಯುತ್ತಿದ್ದ ದುರುಗ ಅವನ್ನು ಇಳಿಸಿಕೊಂಡು ಮಡುವಿಗೆ ಬಿಟ್ಟ. ಮುಂದಿನ ಪಯಣಗಳಿಗೆ ಅವನೂ ಹೊರಟ, ಊರಿನ ಇನ್ನೂ ಹಲವರು ಹೊರಟರು.

ಪೂಜಾರಿಕೆ ಬಿಡುತ್ತೇನೆಂದು ಮಾಳಯ್ಯ ಕೆಂಚವ್ವನ ಮುಂದೆ ಬೀಗದ ಕೈ ಇಟ್ಟಾಗ ಅವಳು ಮುಟ್ಟಲಿಲ್ಲ. “ಬಿಟ್ಟು ಹೋಗೋದು ಸುಲಭ. ಕೂತುಕೋ. ಬಂದವರಿಗೆಲ್ಲ ಹೇಳು” ಎಂದಳು. ಅವನು ಉಳಿದ ಆಯುಷ್ಯವೆಲ್ಲ ಆ ಬಂಡೆಯ ಮೇಲೆ ಕೂತು ದನಗಾಹಿಗಳಿಗೆ, ಬಳೆಗಾರರಿಗೆ, ಹಾದಿಹೋಕರಿಗೆ ಹೇಳಿದ. ಕೇಳಿದವರು ಅವನಿಗಿಟ್ಟ ಹೆಸರು ಹೇಳದಯ್ಯ. ಅಷ್ಟೊಂದು ಹೇಳಿದ ಮನುಷ್ಯನಿಗೆ ಆ ಹೆಸರೇಕೆಂದು ಅವನ ಕಡೆಗಾಲದಲ್ಲಿ ದುರುಗ ಜಗಳಕ್ಕೆ ಹೋದದ್ದುಂಟು. “ಇರಲಿ ಬಿಡು, ಸರಿಯಾಗೇ ಇಟ್ಟಿದ್ದಾರೆ” ಎಂದನಂತೆ ಮಾಳಯ್ಯ. ಅವನು ಹೋದ ಮೇಲೆ ಹೇಳದಯ್ಯನ ಮಡು ಸವೆದು ಹೇಳದ ಮಡುವಾಯಿತು.

ಈಗಲೂ ಹೊಳೆಯ ಹರಿವು ಕಡಿದ ಮೊದಲ ವಾರದಲ್ಲಿ ಸಿಂಗರಗುಂದಿಯವರು ಆ ವರ್ಷ ಊರಿಗೆ ಬಂದ ಹೊಸಬರನ್ನೆಲ್ಲ, ಮದುವೆಯಾಗಿ ಬಂದ ಸೊಸೆಯರನ್ನು, ವರ್ಗವಾಗಿ ಬಂದ ಮೇಷ್ಟರನ್ನು, ಬಿಡಾರ ಹೂಡಿದ ಕುರಿಗಾಹಿಗಳನ್ನು ಕರಿಬಂಡೆಯ ಬಳಿಗೆ ಕರೆದೊಯ್ಯುತ್ತಾರೆ. ಅಲ್ಲಿ ಪೂಜೆಯಿಲ್ಲ, ಆರತಿಯಿಲ್ಲ. ಒಬ್ಬ ಹಿರಿಯರು ನೀರಿನತ್ತ ಕೈ ತೋರಿಸಿ, ಇದು ಬೀಜ, ಇದನ್ನು ಮುಟ್ಟುವುದಿಲ್ಲ, ಯಾಕೆಂದರೆ ಹೀಗೆ, ಎಂದು ಇಡೀ ಸಂಗತಿಯನ್ನು ಹೇಳುತ್ತಾರೆ. ಬಳಿಕ ಮಡುವಿನ ಮೀನುಗಳ ಹೆಸರು: ಗೆಂಡೆ, ಬಾಳೆಮೀನು, ಕುಚ್ಚು, ಹಾವುಮೀನು, ಚೇಳುಮೀನು. ಸಂಜೆಯ ಹೊತ್ತಿಗೆ ಅವು ಮೇಲೆ ಬಂದು ಬಾಯಿ ತೆರೆಯುವುದನ್ನು ಯಾರು ಬೇಕಾದರೂ ನೋಡಬಹುದು. ಕೊನೆಗೆ ಇನ್ನೊಂದು ಹೆಸರು ಹೇಳುತ್ತಾರೆ, ಕೆಂಬಾಲ. ಅದು ಕರಿಹೊಳೆಯಲ್ಲಿ ಮಾತ್ರ ಇದ್ದ ಮೀನು, ಕೂಡಲದಲ್ಲಿ ಇರಲಿಲ್ಲ. ಹೊಸಬರಲ್ಲಿ ಯಾರಾದರೊಬ್ಬರು ಪ್ರತಿವರ್ಷವೂ, ಅದು ಯಾವುದು, ತೋರಿಸಿ ಎಂದು ಕೇಳಿಯೇ ಕೇಳುತ್ತಾರೆ. ಆಗ ಆ ಹಿರಿಯರು ತಲೆ ತಗ್ಗಿಸಿ, ಅದನ್ನು ನಾವು ತಿಂದೆವು, ಎನ್ನುತ್ತಾರೆ.