ಸೂರಪ್ಪ ನಾಯಕನ ನಿದ್ದೆಗಲ್ಲು

ಬೆಣಚಿನಹಳ್ಳಿಯ ಹಿರೇಕೆರೆಯ ಏರಿ ಮುಗಿದು ಗುಡ್ಡ ಶುರುವಾಗುವ ಕಡೆ, ಮುದಿ ಹೊಂಗೆಮರವೊಂದರ ನೆರಳಿನಲ್ಲಿ, ಎಮ್ಮೆ ಮಲಗಿದ ಹಾಗೆ ಒಂದು ಬಂಡೆ ಇದೆ. ಅದರ ಬೆನ್ನಿನ ಮೇಲೆ ಆಳೊಬ್ಬ ಮಗ್ಗುಲಾಗಿ ಮಲಗುವಷ್ಟು ತಗ್ಗು. ಮಳೆ ಬಂದಾಗ ಅದರಲ್ಲಿ ನೀರು ನಿಂತು ಗುಬ್ಬಿಗಳು ಮೀಯುತ್ತವೆ. ಬೇಸಗೆಯಲ್ಲಿ ಹೊಂಗೆಯ ಹೂ ಉದುರಿ ತಾನಾಗಿಯೇ ಹಾಸಿಗೆಯಾಗುತ್ತದೆ. ಅಲ್ಲಿ ಸುಮ್ಮನೆ ಕುಳಿತರೂ ಸಾಕು, ಕೆರೆಯ ಮೇಲಿನ ಗಾಳಿ ಮುಖಕ್ಕೆ ತಾಗಿ ರೆಪ್ಪೆ ಭಾರವಾಗುತ್ತದೆ, ಯಾರೋ ದೂರದಲ್ಲಿ ನಮ್ಮದೇ ಹೆಸರು ಹಿಡಿದು ಮೆಲ್ಲಗೆ ಮಾತಾಡಿಕೊಳ್ಳುತ್ತಿರುವ ಹಾಗೆ ಕೇಳುತ್ತದೆ. ಕುರಿ ಮೇಯಿಸುವವರು, ಬಸ್ಸು ತಪ್ಪಿಸಿಕೊಂಡವರು, ಹೆಂಡತಿಯೊಡನೆ ಜಗಳವಾಡಿ ಎದ್ದು ಬಂದವರು ಎಲ್ಲರೂ ಅಲ್ಲಿ ಒಂದು ಜೊಂಪು ತೆಗೆದೇ ಹೋಗುತ್ತಾರೆ. ಪೇಟೆಯಿಂದ ಬರುವ ಹುಡುಗರು ಅದರೊಳಗೆ ಮಲಗಿ, ಎದೆಯ ಮೇಲೆ ಕೈ ಮಡಚಿಕೊಂಡು, ಫೋಟೊ ತೆಗೆಸಿಕೊಳ್ಳುತ್ತಾರೆ. ಯಾರದೋ ಸಮಾಧಿ ಎಂದುಕೊಂಡು! ಅಯ್ಯೋ, ಅದು ಸಮಾಧಿಯೂ ಅಲ್ಲ, ವೀರಗಲ್ಲೂ ಅಲ್ಲ. ನಮ್ಮೂರನ್ನು ಆಳಿದ ನಾಯಕನೊಬ್ಬ ಅಲ್ಲಿ ನಿದ್ದೆ ಮಾಡಿದ, ಅಷ್ಟೆ. ಅಷ್ಟಕ್ಕೇ ಕಲ್ಲಿಗೆ ಹೆಸರು ಬಂತೇ ಎಂದು ನಗುವವರು ನಗಲಿ. ನಮ್ಮಜ್ಜ ಹೇಳಿದ್ದನ್ನು, ಅವರಿಗೆ ಅವರಜ್ಜ ಹೇಳಿದ್ದನ್ನು, ಉಪ್ಪುಖಾರ ಹಚ್ಚದೆ ಬರೆಯುತ್ತಿದ್ದೇನೆ. ಎಲ್ಲಾದರೂ ಖಾರ ಹೆಚ್ಚಾಗಿದ್ದರೆ ಅದು ಅಜ್ಜಂದಿರ ಕೈಗುಣ.

ಹಿಂದೆ ಒಮ್ಮೆ, ಈ ಗುಡ್ಡದ ನೆತ್ತಿಯ ಮೇಲೆ ಕೋಟೆಯಿದ್ದ ಕಾಲದಲ್ಲಿ, ಸೂರಪ್ಪ ನಾಯಕನೆಂಬ ಪಾಳೆಯಗಾರ ಈ ಸೀಮೆಯನ್ನು ಆಳುತ್ತಿದ್ದ ಎನ್ನುತ್ತಾರೆ. ಕೆಟ್ಟವನಲ್ಲ. ಕಳ್ಳಕಾಕರ ಕಾಟ ಇರಲಿಲ್ಲ, ಬಡವರ ಮನೆಯ ಒಲೆ ಆರಲು ಬಿಡುತ್ತಿರಲಿಲ್ಲ. ಅವನಲ್ಲಿದ್ದ ಐಬು ಒಂದೇ: ಯಾರನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತೆನ್ನಿ. ಅವನು ಚಿಕ್ಕವನಾಗಿದ್ದಾಗ ಕಾವಲುಗಾರನೊಬ್ಬ ಕೋಟೆಯ ಹಿಂಬದಿಯ ದಿಡ್ಡಿಬಾಗಿಲನ್ನು ಹಗೆಗಳಿಗೆ ತೆಗೆದುಕೊಟ್ಟಿದ್ದ. ಅಂದಿನ ಹೊಡೆದಾಟದಲ್ಲಿ ಸೂರಪ್ಪನ ತಂದೆ ಸತ್ತುಹೋದ. ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿಕೊಂಡು ಕುಡಿಯುತ್ತಾನಂತೆ. ಪಟ್ಟಕ್ಕೆ ಬಂದವನೇ ಸೂರಪ್ಪ ಕೋಟೆಯ ಬಾಗಿಲು, ಕಣಜ, ಉಗ್ರಾಣ, ಕೆರೆಯ ತೂಬು, ಎಲ್ಲದರ ಬೀಗದಕೈಗಳನ್ನೂ ತನ್ನ ಸೊಂಟಕ್ಕೇ ಕಟ್ಟಿಕೊಂಡ. ಅವನು ನಡೆದು ಬಂದರೆ ಗೆಜ್ಜೆ ಕಟ್ಟಿದ ಹೋರಿ ಬಂದ ಹಾಗೆ ಸದ್ದಾಗುತ್ತಿತ್ತು. ಊರು ಮಲಗಿದ ಮೇಲೂ ಆ ಸದ್ದು ಬಾಗಿಲಿನಿಂದ ಬಾಗಿಲಿಗೆ ಅಲೆಯುತ್ತಿತ್ತು. ಅವನು ಕಣ್ಣು ಮುಚ್ಚಿದ್ದನ್ನು ಕಟ್ಟಿಕೊಂಡ ಹೆಂಡತಿಯೂ ಕಂಡಿರಲಿಲ್ಲ.

ಮೊದಮೊದಲು ಜನ ಹೊಗಳಿದರು. ಆಳಿದರೆ ಹೀಗೆ ಆಳಬೇಕು, ನಾಯಕರು ಎಚ್ಚರವಿದ್ದಾರೆ, ನಾವು ಹಾಯಾಗಿ ಮಲಗೋಣ ಎಂದರು. ಬರಬರುತ್ತ ಏನಾಯಿತೆಂದರೆ, ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಾನೆಂದು ಇವರು ನೋಡುವುದನ್ನೇ ಬಿಟ್ಟರು. ಹೊಲಕ್ಕೆ ದನ ನುಗ್ಗಿದರೂ "ನಾಯಕರು ಬರಲಿ" ಎಂದು ಬದುವಿನ ಮೇಲೆ ಕುಳಿತು ಕಾಯುತ್ತಿದ್ದರಂತೆ. ಗುದ್ದಲಿ, ಹಗ್ಗ, ಬುಟ್ಟಿಗಳೂ ಉಗ್ರಾಣದಲ್ಲಿ ಬೀಗ ಹಾಕಿಸಿಕೊಂಡು ಅವನ ದಾರಿ ಕಾಯುತ್ತಿದ್ದವು. ಒಂದು ವರ್ಷ, ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲಿ ಎಂದು, ತುಂಬಿದ ನೀರು ಹೊರಗೆ ಹರಿದುಹೋಗುವ ಕೋಡಿಗೆ ಅವನು ತಾನೇ ನಿಂತು ಅಡ್ಡಲಾಗಿ ಕಲ್ಲು ಕಟ್ಟಿಸಿದ. ಕೋಡಿಯ ಕೆಳಗೆ ಅವನು ಹೊಸದಾಗಿ ಮಾಡಿಸಿದ ಗದ್ದೆಗಳಿದ್ದವು, ಅವೂ ಉಳಿದುಕೊಂಡಾವು ಎಂಬ ಲೆಕ್ಕ. ನೀರಗಂಟಿ ಚಿತ್ತಯ್ಯ, ಎಂದರೆ ಕೆರೆಯ ನೀರನ್ನು ನೋಡಿಕೊಳ್ಳುವವನು, ಆ ಕಲ್ಲುಗಳನ್ನು ನೋಡಿ ಬಾಯಿ ತೆರೆದ, ಮತ್ತೆ ಮುಚ್ಚಿದ. ಅವನ ಕಷ್ಟ ಅವನಿಗೆ. ಅಂದು ದಿಡ್ಡಿಬಾಗಿಲು ತೆಗೆದ ಕಾವಲುಗಾರ ಬೇರೆ ಯಾರೂ ಅಲ್ಲ, ಇದೇ ಚಿತ್ತಯ್ಯನ ಅಪ್ಪ. ತಾಯಿಯ ಕಡೆಯ ತಾತನಿಂದ ನೀರಿನ ಕೆಲಸ ಕಲಿತವನು ಊರಿನಲ್ಲಿ ಅವನೊಬ್ಬನೇ ಆದ್ದರಿಂದ ನಾಯಕ ಅವನಿಗೆ ಕೆಲಸ ಕೊಟ್ಟಿದ್ದ. ತೂಬಿನ ಬೀಗದಕೈ ಕೊಟ್ಟಿರಲಿಲ್ಲ.

ಆ ವರ್ಷ ಮಳೆ ಬಂತು ನೋಡಿ, ಮಳೆಯೆಂದರೆ ನಮ್ಮ ಕಡೆಯ ಮಳೆಯಲ್ಲ. ನಮ್ಮದು ಕಲ್ಲುಗುಡ್ಡಗಳ ಬಯಲುಸೀಮೆ. ಮೋಡ ಬಂದರೂ ನೆಂಟರ ಹಾಗೆ ಮುಖ ತೋರಿಸಿ ಹೋಗುತ್ತದೆ. ಅಂದು ಬಂದ ಮೋಡ ಹೋಗಲೇ ಇಲ್ಲ. ಹಗಲೋ ಇರುಳೋ ತಿಳಿಯದ ಒಂದು ಬೂದುಬೆಳಕು ಊರಿನ ಮೇಲೆ ಕವಿದುಕೊಂಡಿತು. ಗುಡ್ಡದ ಬಂಡೆಗಳೆಲ್ಲ ನೀರಿಳಿಸುತ್ತ ಮಿಣಮಿಣ ಹೊಳೆದವು. ಕೆರೆ ಸದ್ದಿಲ್ಲದೆ ಏರಿತು, ಏರಿಯ ಮೇಲಿನ ಹುಲ್ಲಿನವರೆಗೂ ಬಂದು ಹುಲ್ಲನ್ನು ಮೆಲ್ಲಗೆ ಬಾಚತೊಡಗಿತು. ನಾಯಕ ಕೋಟೆಯಿಂದಿಳಿದು ಬಂದವನು ಏರಿಯ ಮೇಲೆಯೇ ನಿಂತ. ದಿನಗಟ್ಟಲೆ ನಿಂತ. ಇಲ್ಲಿ ಮಣ್ಣು ಹಾಕಿ ಎಂದ, ಹಾಕಿದರು. ಅಲ್ಲಿಗೆ ಹಾಕಿ ಎಂದ, ಇಲ್ಲಿಂದ ತೆಗೆದು ಅಲ್ಲಿಗೆ ಹಾಕಿದರು. ಅನ್ನ ಬಿಟ್ಟು, ನಿದ್ದೆ ಬಿಟ್ಟು ಅವನ ಕಣ್ಣುಗಳು ಕೆಂಡವಾಗಿದ್ದವು. ನೀರು ಅವನ ಕಣ್ಣೆದುರು ಒಮ್ಮೆ ಆಕಾಶದ ಹಾಗೆ, ಒಮ್ಮೆ ಜನರ ಹಾಗೆ ಕಾಣುತ್ತಿತ್ತು ಎನ್ನುತ್ತಾರೆ. ಒಂದು ಮಧ್ಯಾಹ್ನ ಏರಿಯ ನಡುಭಾಗ ಬೆವರಿ ನೀರು ಜಿನುಗತೊಡಗಿತು. ಕೆರೆ ಒಡೆದರೆ ಊರಿಗೆ ಊರೇ ಹೋಗುತ್ತದೆ. ಆಗ ನಾಯಕ ಮೂಡಲ ಮೂಲೆಗೆ ಕೈ ತೋರಿಸಿ, "ಅಲ್ಲಿ ಕಡಿಯಿರಿ ಏರಿಯನ್ನು, ನೀರು ಆ ಬಯಲಿಗೆ ಹೋಗಲಿ" ಎಂದ.

ಅದು ಅವನು ಚಿಕ್ಕವನಾಗಿದ್ದಾಗ ಬಯಲು. ಈಗ ಅಲ್ಲಿ ಕುಂಬಾರಗೇರಿ ಇತ್ತು. ಬಾಣಂತಿಯರು, ಮುದುಕರು, ಕಟ್ಟಿಹಾಕಿದ ಕರುಗಳು, ಎಲ್ಲ ಅಲ್ಲೇ. ನಿದ್ದೆಗೆಟ್ಟ ತಲೆಗೆ ಅದು ಮರೆತೇಹೋಗಿತ್ತು. ಜನ ಒಂದು ಮಾತೂ ಆಡದೆ ಗುದ್ದಲಿ ಎತ್ತಿಕೊಂಡು ಮೂಡಲ ಮೂಲೆಗೆ ನಡೆದರು. ಕುಂಬಾರಗೇರಿಯವರೂ ನಡೆದರು. ಮುಂದೆ ಚಿತ್ತಯ್ಯ. ಅವನೇ ಮೊದಲ ಗುದ್ದಲಿ ಎತ್ತಿದ. ಎತ್ತಿದವನ ಕಣ್ಣಿಂದ ನೀರು ಇಳಿಯುತ್ತಿರುವುದು ಆ ಮಳೆಯಲ್ಲೂ ನಾಯಕನಿಗೆ ಕಂಡಿತು.

"ಯಾಕೋ ಅಳ್ತಿದ್ದೀಯ?" ಎಂದ ನಾಯಕ.

"ಕೆಳಗೆ ನನ್ನ ಮಕ್ಕಳು ಮಲಗವೆ, ಬುದ್ಧಿ."

ನಾಯಕ ಆಗ ಕೆಳಗೆ ನೋಡಿದ. ಮಂಜಿನಂಥ ಮಳೆಯೊಳಗಿಂದ ಹುಲ್ಲಿನ ಸೂರುಗಳು ಒಂದೊಂದಾಗಿ ಎದ್ದುಬಂದವು. "ಮತ್ತೆ ಗುದ್ದಲಿ ಯಾಕೋ ಎತ್ತಿದೆ, ಪಾಪಿ? ಹೇಳಬಾರದಾಗಿತ್ತೇ?"

"ನೀವು ಹೇಳಿದ್ರಲ್ಲ, ಬುದ್ಧಿ" ಎಂದ ಚಿತ್ತಯ್ಯ. ಗುದ್ದಲಿಯನ್ನು ಕೆಳಗಿಳಿಸಿ, "ನಮ್ಮಪ್ಪ ಬಾಗ್ಲು ತೆಗೆದೋನು. ನನ್ನ ಮಾತು ನಿಮ್ಮ ಕಿವಿಗೆ ಬಿದ್ದೀತಾ?" ಎಂದ.

ಆ ಮಾತಿಗೆ ಕೋಪಿಸಿಕೊಂಡಿದ್ದರೆ ಇವತ್ತು ಈ ಊರು ಇರುತ್ತಿರಲಿಲ್ಲ, ಈ ಕಥೆ ಹೇಳಲು ನಾನೂ ಇರುತ್ತಿರಲಿಲ್ಲ. ನಾಯಕ ಸುತ್ತ ನಿಂತವರ ಮುಖಗಳನ್ನು ನೋಡಿದ. ಅಷ್ಟೂ ಮುಖಗಳು ಅವನ ಬಾಯನ್ನೇ ನೋಡುತ್ತಿದ್ದವು. ತನ್ನ ಒಂದು ಮಾತಿಗೆ ಹೆತ್ತ ಮಕ್ಕಳ ಮೇಲೆ ನೀರು ಬಿಡಲು ಹೊರಟವರು! ಹಗೆಗಳಿಗೆ ಎಂದೂ ಹೆದರದವನಿಗೆ ಆ ಕ್ಷಣ ತನ್ನ ಬಾಯಿಯನ್ನು ಕಂಡೇ ಹೆದರಿಕೆಯಾಯಿತಂತೆ. ಅವನು ಸೊಂಟದಿಂದ ಬೀಗದಕೈಗಳ ಗೊಂಚಲನ್ನು ಬಿಚ್ಚಿ ಚಿತ್ತಯ್ಯನ ಕೈಗೆ ಕೊಟ್ಟ. "ನನ್ನ ತಲೆ ನೆಟ್ಟಗಿಲ್ಲ ಕಣೋ. ನಾನು ಮಲಗುತ್ತೇನೆ. ನಿಮಗೆಲ್ಲ ಸರಿ ಕಂಡದ್ದು ಮಾಡಿ. ನನ್ನನ್ನು ಕೇಳಬೇಡಿ, ಎಬ್ಬಿಸಲೂಬೇಡಿ" ಎಂದ. ಹಾಗೆಂದವನು ಏರಿಯ ಕೊನೆಯವರೆಗೆ ನಡೆದು, ಬಂಡೆಯ ಮೇಲೆ ಮಗ್ಗುಲಾದ. ತಲೆಯ ಮೇಲೆ ಯಾರೋ ಕಂಬಳಿ ಹೊದೆಸಿದರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಊರಿನ ಚಿಂತೆಯನ್ನೆಲ್ಲ ಹೊತ್ತವನು, ಅಪ್ಪನನ್ನು ಕೊಲ್ಲಿಸಿದವನ ಮಗನ ಕೈಗೆ ಊರನ್ನು ಕೊಟ್ಟು, ಒಡೆಯಲಿರುವ ಕೆರೆಯ ಪಕ್ಕದಲ್ಲಿ ನಿದ್ದೆ ಹೋದ. ಅದು ಎಂಥ ಎದೆಗಾರಿಕೆ ಎಂದು ನನಗೆ ಈ ವಯಸ್ಸಿನಲ್ಲಿ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ.

ನಿದ್ದೆಯಲ್ಲಿ ಅವನಿಗೊಂದು ಕನಸು ಬಿತ್ತಂತೆ. ಕನಸು ಇವರಿಗೆ ಹೇಗೆ ಗೊತ್ತಾಯಿತು ಎಂದು ತಕರಾರು ತೆಗೆಯಬೇಡಿ, ಐತಿಹ್ಯಕ್ಕೆ ಅಷ್ಟು ಸಲುಗೆ ಇದೆ. ಕನಸಿನಲ್ಲಿ ಕೋಟೆಯ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಗಾಳಿ ಒಂದರೊಳಗೆ ಬಂದು ಇನ್ನೊಂದರಿಂದ ಹೋಗುತ್ತಿತ್ತು. ಬೆಳ್ಳಕ್ಕಿಗಳು ಅಂಗಳದಲ್ಲಿ ಇಳಿದು ನಡೆದಾಡುತ್ತಿದ್ದವು. ದಿಡ್ಡಿಬಾಗಿಲ ಹೊಸ್ತಿಲ ಮೇಲೆ ಅವನ ತಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. "ಅಪ್ಪಾ, ಬಾಗಿಲು ಹಾಕಿಕೊಳ್ಳಲಿಲ್ಲವಲ್ಲ" ಎಂದ ಸೂರಪ್ಪ. "ಒಳಗೆ ಕೂತೂ ಕೂತೂ ಸಾಕಾಯಿತು ಕಣೋ" ಎಂದು ತಂದೆ ಸರಿದು ಕುಳಿತು ಜಾಗ ಮಾಡಿಕೊಟ್ಟ. ಸೂರಪ್ಪ ಪಕ್ಕದಲ್ಲಿ ಕುಳಿತು ಕಾಯಿ ಸುಲಿದ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ದೂರದಲ್ಲೆಲ್ಲೋ ಜನ ಕೂಗಾಡುತ್ತ, ನಗುತ್ತ, ಬೈದಾಡುತ್ತ ಭಾರವಾದದ್ದೇನನ್ನೋ ಎಳೆಯುತ್ತಿದ್ದ ಸದ್ದು ಬರುತ್ತಿತ್ತು. ಎದ್ದು ಹೋಗಿ ನೋಡಬೇಕೆಂದು ಅವನಿಗೆ ಅನಿಸಲಿಲ್ಲ.

ಅವನಿಗೆ ಎಚ್ಚರವಾದಾಗ ಮಾರನೆಯ ಬೆಳಗು. ಮೊದಲು ಕೇಳಿಸಿದ್ದು ನಿಶ್ಶಬ್ದ. ಮಳೆ ನಿಂತಿತ್ತು. ಕೆರೆ ಒಡೆದೇಹೋಯಿತು ಎಂದುಕೊಂಡು ಕಂಬಳಿ ಎಸೆದು ಎದ್ದು ನಿಂತ. ಕೆರೆ ಇತ್ತು. ಏರಿಗಿಂತ ಒಂದಾಳುದ್ದ ಕೆಳಗೆ, ಹಾಲಿನಂಥ ಬೆಳಕು ಹೊದ್ದು, ಸುಮ್ಮನೆ ಇತ್ತು. ಕೋಡಿಗೆ ಅವನು ಕಟ್ಟಿಸಿದ್ದ ಕಲ್ಲುಗಳಲ್ಲಿ ಒಂದೂ ಇರಲಿಲ್ಲ. ಅವನು ಎಚ್ಚರವಿದ್ದಷ್ಟು ಹೊತ್ತೂ ಆ ಕಲ್ಲುಗಳನ್ನು ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅವನು ಮಲಗಿದ ಮೇಲೆ ಚಿತ್ತಯ್ಯ ಉಗ್ರಾಣದ ಬೀಗ ತೆಗೆದು ಹಗ್ಗ ತಂದಿದ್ದ, ಕುಂಬಾರರು ಎಲ್ಲಿ ಕಟ್ಟಬೇಕೆಂದು ಹೇಳಿದ್ದರು, ಹೆಂಗಸರು ಎಳೆದಿದ್ದರು. ನೀರು ಕೋಡಿಯಿಂದ ಇಳಿದು ಹೋಗುತ್ತಿತ್ತು. ನಾಯಕನ ಹೊಸ ಗದ್ದೆಗಳು ಪೈರಿನ ಸಮೇತ ಮುಳುಗಿಹೋಗಿದ್ದವು. ಕುಂಬಾರಗೇರಿಯ ಸೂರುಗಳಿಂದ ಒಲೆಯ ಹೊಗೆ ಏಳುತ್ತಿತ್ತು.

ಏರಿಯ ಉದ್ದಕ್ಕೂ, ಇರುಳೆಲ್ಲ ದುಡಿದ ಊರಿನ ಜನ ಕೆಸರಿನಲ್ಲೇ ಬಿದ್ದು ನಿದ್ದೆ ಹೋಗಿದ್ದರು. ಗುದ್ದಲಿಯ ಮೇಲೆ ತಲೆಯಿಟ್ಟವರು, ಬುಟ್ಟಿ ಮುಖಕ್ಕೆ ಬೋರಲು ಹಾಕಿಕೊಂಡವರು, ಒಬ್ಬರ ಕಾಲ ಮೇಲೆ ಒಬ್ಬರು. ಹಗ್ಗದ ಸುರುಳಿಯ ಮೇಲೆ ಚಿತ್ತಯ್ಯ, ಬೀಗದಕೈಗಳನ್ನು ಎದೆಗೊತ್ತಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಆಗ ಕೋಟೆಯಿಂದ ನಗಾರಿಯವನು ಓಡಿಬಂದ. ನಾಯಕರು ಎದ್ದರೆ ನಗಾರಿ ಬಾರಿಸುವುದು ಅವನ ತಂದೆಯ ಕಾಲದ ಪದ್ಧತಿ. ಅವನು ಕೋಲೆತ್ತಿದ. ನಾಯಕ ಅವನ ಕೈ ಹಿಡಿದುಕೊಂಡ. ತನ್ನ ಮೆಟ್ಟುಗಳನ್ನು ಕಳಚಿ ಕೈಯಲ್ಲಿ ಹಿಡಿದು, ಮಲಗಿದವರ ನಡುವೆ ಜಾಗ ನೋಡಿ ನೋಡಿ ಕಾಲಿಡುತ್ತ, ಏರಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದ. ಅವರೆಲ್ಲ ತಾವಾಗಿ ಏಳುವವರೆಗೂ ಕಾವಲು ಕಾದ. ಅವನ ಸೊಂಟದಲ್ಲಿ ಈಗ ಸದ್ದಾಗುವಂಥದ್ದು ಏನೂ ಇರಲಿಲ್ಲ. ಆ ಬೀಗದಕೈಗಳನ್ನು ಅವನು ಮತ್ತೆಂದೂ ವಾಪಸು ಕೇಳಲಿಲ್ಲ ಎನ್ನುತ್ತಾರೆ.

ಕೋಟೆ ಬಿದ್ದುಹೋಗಿದೆ. ಸೂರಪ್ಪ ನಾಯಕ ಗೆದ್ದ ಕಾಳಗಗಳ ಹೆಸರು ಯಾರಿಗೂ ನೆನಪಿಲ್ಲ. ಮಲಗಿದ ಕಲ್ಲಿನ ಹೆಸರು ಮಾತ್ರ ಉಳಿದಿದೆ. ಆ ತಗ್ಗು ಮಳೆಗಾಳಿಗೆ ಸವೆದದ್ದು ಎಂದು ಓದಿದವರು ಹೇಳುತ್ತಾರೆ, ಇದ್ದರೂ ಇದ್ದೀತು. ನಮ್ಮೂರಿನಲ್ಲಿ ಕೆರೆಯ ಯಜಮಾನಿಕೆಗೆ ಹೊಸಬರು ಬಂದರೆ, ವರ್ಷದ ಮೊದಲ ನೀರು ಬಿಡುವ ದಿನ ಅವರನ್ನು ಆ ಕಲ್ಲಿನ ಮೇಲೆ ಮಲಗಿಸಿ ಮುಖಕ್ಕೆ ಟವಲ್ ಹೊದೆಸುತ್ತೇವೆ. ಉಳಿದವರು ತೂಬು ಎತ್ತುತ್ತೇವೆ. ಮಲಗಿದವರು ಏಳಬಾರದು, ಕೇಳಬಾರದು. ಹೋದ ಸಲದ ಯಜಮಾನರು ಟವಲ್ಲಿನೊಳಗಿಂದಲೇ "ಎತ್ತಿದ್ರೇನ್ರೋ?" ಎಂದು ಕೇಳಿಬಿಟ್ಟರು! ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕು, "ಇನ್ನೊಂದು ವರ್ಷ ಹಣ್ಣಾಗಿ ಬನ್ನಿ ಗೌಡ್ರೇ" ಎಂದು ಮನೆಗೆ ಕಳಿಸಿತು. ಕಣ್ಣು ಮುಚ್ಚಿ ಮಲಗುವುದು ಅಷ್ಟು ಸುಲಭವಲ್ಲ ಸ್ವಾಮಿ, ಬೇಕಾದರೆ ನೀವೂ ಒಮ್ಮೆ ಪ್ರಯತ್ನಿಸಿ.

ಇನ್ನು ಬಂದವರಿಗೆಲ್ಲ ಕಾಣುವುದು ಇದೊಂದು. ಏರಿ ಹತ್ತುವ ಮೊದಲು ನಮ್ಮೂರಿನವರು, ಗಂಡಸಿರಲಿ ಹೆಂಗಸಿರಲಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಮೇಲೆ ಯಾವ ದೇವರಿದೆ ಎಂದು ಪರವೂರಿನವರು ಕೇಳುತ್ತಾರೆ. ದೇವರು ಗೀವರು ಏನೂ ಇಲ್ಲಪ್ಪ, ಹಿಂದೆ ಒಮ್ಮೆ ಇಲ್ಲಿ ನಮ್ಮ ಜನ ದಣಿದು ಮಲಗಿದ್ದರು ಎನ್ನುತ್ತೇವೆ.